ಹಿಮದ ಕಣಿವೆಯ ನದಿ ಕೇಂದ್ರ ಚಳಿಗಾಲದಲ್ಲಿ ಏಕೆ ಮೌನವಾಗುತ್ತದೆ?

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಪ್ಯಾನೆಲ್ ಕೂರಿಸುವ ಕೆಲಸ ಮಾಡಿದ್ದೇನೆ. ಈಗ ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ನದಿ ಮಟ್ಟ ಅಳೆದು ಉಪಗ್ರಹಕ್ಕೆ ಕಳಿಸುವ ಕೇಂದ್ರವೊಂದರ ರಿಪೇರಿ ಸಿಕ್ಕಿದೆ. ಅದು ಡಿಸೆಂಬರ್‌ನಲ್ಲಿ ನಿಂತು, ಮಾರ್ಚ್ ಹೊತ್ತಿಗೆ ತಾನಾಗಿಯೇ ಶುರುವಾಗುತ್ತದಂತೆ. ಮೋಡ, ಹಿಮಕ್ಕೆ ಸಿಗ್ನಲ್ ಹೋಗುವುದಿಲ್ಲವೇ?
– ಓದುಗರು, ಪಾವಗಡ

ಉತ್ತರ: ಸಿಗ್ನಲ್ ಮೇಲೆ ಅನುಮಾನ ಬೇಡ. ಇಂಥ ಕೇಂದ್ರಗಳು ಭಾರತದ ಇನ್ಸಾಟ್ ಉಪಗ್ರಹಕ್ಕೆ 402 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುತ್ತವೆ. ಆ ಆವರ್ತನಕ್ಕೆ ಮೋಡವೂ ಬೀಳುವ ಹಿಮವೂ ಲೆಕ್ಕಕ್ಕಿಲ್ಲ. ತಾನಾಗಿ ನಿಂತು ತಾನಾಗಿ ಶುರುವಾಗುವ ಕೇಂದ್ರಕ್ಕೆ ಸಾಮಾನ್ಯವಾಗಿ ಇರುವ ಕಾಯಿಲೆ ಒಂದೇ, ಬಿಸಿಲಿನ ಬರ.

ಸ್ಪಿತಿ ಇರುವುದು 32 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿಂದ ನೋಡಿದರೆ 74 ಡಿಗ್ರಿ ಪೂರ್ವ ರೇಖಾಂಶದ ಇನ್ಸಾಟ್-3ಡಿಆರ್ ಉಪಗ್ರಹ ದಕ್ಷಿಣಕ್ಕೆ, ತುಸು ಪಶ್ಚಿಮಕ್ಕೆ, ದಿಗಂತದಿಂದ ಸುಮಾರು 52 ಡಿಗ್ರಿ ಮೇಲೆ ಇರುತ್ತದೆ. ಜೂನ್‌ನ ನಡುಮಧ್ಯಾಹ್ನದ ಸೂರ್ಯ 81 ಡಿಗ್ರಿಗೆ ಏರುತ್ತಾನೆ. ಡಿಸೆಂಬರ್ 21ಕ್ಕೆ ಬರೀ 35 ಡಿಗ್ರಿ. ಈಗ ದಕ್ಷಿಣದಲ್ಲಿ 40 ಡಿಗ್ರಿ ಎತ್ತರದ ಬೆಟ್ಟವೊಂದಿದೆ ಅಂದುಕೊಳ್ಳಿ. ಉಪಗ್ರಹ ವರ್ಷವಿಡೀ ಕಾಣುತ್ತದೆ, ಸೂರ್ಯ ಮಾತ್ರ ಚಳಿಗಾಲದಲ್ಲಿ ಬೆಟ್ಟದ ಹಿಂದೆಯೇ ಹಾದುಹೋಗುತ್ತಾನೆ. ಜಾಗ ನೋಡಿ ಕಂಬ ನೆಡುವುದು ಬೇಸಿಗೆಯಲ್ಲಿ. ಆಗ ಈ ನೆರಳು ಯಾರ ಕಣ್ಣಿಗೂ ಬೀಳುವುದಿಲ್ಲ. ಪಾವಗಡದಲ್ಲಿ ಡಿಸೆಂಬರ್ ಸೂರ್ಯನೂ 52 ಡಿಗ್ರಿ ಏರುವುದರಿಂದ ನಿಮಗೆ ಈ ಅಭ್ಯಾಸವೇ ಇರಲಿಕ್ಕಿಲ್ಲ. ಹೋದ ದಿನವೇ ಎತ್ತರದ ಕೋನ ಅಳೆಯುವ ಕ್ಲೈನೋಮೀಟರ್ ಹಿಡಿದು (ಮೊಬೈಲ್ ಆ್ಯಪ್ ಆದರೂ ಸಾಕು) ಆಗ್ನೇಯದಿಂದ ನೈಋತ್ಯದವರೆಗೆ ಬೆಟ್ಟದ ಅಂಚಿನ ಕೋನ ಬರೆದುಕೊಳ್ಳಿ. ದಕ್ಷಿಣದಲ್ಲಿ 35 ಮೀರಿದರೆ ಪ್ಯಾನೆಲ್ಲನ್ನು ಬಿಸಿಲು ಸಿಗುವ ದಡಕ್ಕೆ ಒಯ್ದು ಕೇಬಲ್ ಎಳೆಯುವುದೊಂದೇ ದಾರಿ. ಪ್ಯಾನೆಲ್ ದೊಡ್ಡದು ಮಾಡಿದರೆ ನೆರಳು ಕಡಿಮೆಯಾಗದು.

ಊರಿನಲ್ಲಿ ಹದಿನಾಲ್ಕು ಹದಿನೈದು ಡಿಗ್ರಿ ವಾಲಿಸಿ ಕೂರಿಸಿದ ಕೈ ಅಲ್ಲಿ 60ರಿಂದ 70 ಡಿಗ್ರಿ ವಾಲಿಸಬೇಕು. ತಗ್ಗಿನ ಸೂರ್ಯನಿಗೆ ಅದೇ ಸರಿ, ಹಿಮವೂ ಜಾರಿ ಬೀಳುತ್ತದೆ. ಕೆಳಗಿನ ಅಂಚು ಆ ಜಾಗದಲ್ಲಿ ಬೀಳುವ ಹಿಮದ ಗರಿಷ್ಠ ಎತ್ತರಕ್ಕಿಂತ ಮೇಲಿರಲಿ. ಜಾರಿದ ಹಿಮ ಬುಡದಲ್ಲಿ ರಾಶಿಯಾಗಿ ಮತ್ತೆ ಪ್ಯಾನೆಲ್ಲನ್ನೇ ಮುಚ್ಚುವುದುಂಟು.

ಇನ್ನು ಬ್ಯಾಟರಿ. ಅಂಕಿ ದಾಖಲಿಸುವ ಲಾಗರ್, ಸೆನ್ಸರ್, ಟ್ರಾನ್ಸ್‌ಮಿಟರ್ ಸೇರಿ ಸರಾಸರಿ 30 ಮಿಲಿಆಂಪ್ ಎಳೆಯುತ್ತವೆ ಎನ್ನೋಣ. ದಿನಕ್ಕೆ 0.72 ಆಂಪ್-ಅವರ್, ಬಿಸಿಲಿಲ್ಲದ ಮೂವತ್ತು ದಿನಕ್ಕೆ ಸುಮಾರು 22. ಮೈನಸ್ 20 ಡಿಗ್ರಿಯಲ್ಲಿ ಲೆಡ್-ಆಸಿಡ್ ಬ್ಯಾಟರಿ ಕೊಡುವುದು ಹೆಚ್ಚುಕಡಿಮೆ ಅರ್ಧ, ಆದ್ದರಿಂದ 44. ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, 88. ನೂರು ಆಂಪ್-ಅವರ್‌ನದು ಹಾಕಿ. ಅರ್ಧದ ಮಿತಿ ಏಕೆಂದರೆ, ತುಂಬಿದ ಬ್ಯಾಟರಿಯ ಆಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟದು, ಪೂರ್ತಿ ಖಾಲಿಯಾದದ್ದು ಮೈನಸ್ 8ರ ಹೊತ್ತಿಗೇ ಹೆಪ್ಪುಗಟ್ಟಿ ಡಬ್ಬ ಸೀಳುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡುತ್ತದೆ, ಅದರ ಆಸೆ ಬಿಡಿ. ಚಾರ್ಜ್ ಕಂಟ್ರೋಲರ್‌ಗೆ ಬ್ಯಾಟರಿಯ ಮೈಗೆ ಅಂಟಿಸುವ ಉಷ್ಣತೆಯ ಪ್ರೋಬ್ ಇರಲೇಬೇಕು. 12 ವೋಲ್ಟ್ ಬ್ಯಾಟರಿಗೆ ಉಷ್ಣತೆ ಇಳಿದ ಪ್ರತಿ ಡಿಗ್ರಿಗೆ ಚಾರ್ಜಿಂಗ್ ವೋಲ್ಟೇಜನ್ನು ಸುಮಾರು 20 ಮಿಲಿವೋಲ್ಟ್ ಏರಿಸಬೇಕಾಗುತ್ತದೆ. 25ರಿಂದ ಮೈನಸ್ 20ಕ್ಕೆ ಹತ್ತಿರಹತ್ತಿರ ಒಂದು ವೋಲ್ಟ್. ಪ್ರೋಬ್ ಇಲ್ಲದಿದ್ದರೆ ಕಂಟ್ರೋಲರ್ ‘ತುಂಬಿತು’ ಎನ್ನುತ್ತದೆ, ಬ್ಯಾಟರಿ ಮಾತ್ರ ಅರೆಹೊಟ್ಟೆಯಲ್ಲಿರುತ್ತದೆ.

ಹೊರಡುವ ಮುಂಚೆ ಕಚೇರಿಯಿಂದ ಕಳೆದ ನವೆಂಬರ್‌ನ ದಾಖಲೆ ಕೇಳಿ ಪಡೆಯಿರಿ. ಕೇಂದ್ರ ನೀರಿನ ಮಟ್ಟದ ಜೊತೆ ಬ್ಯಾಟರಿ ವೋಲ್ಟೇಜನ್ನೂ ಕಳಿಸುತ್ತಿದ್ದರೆ ಬೆಳಿಗ್ಗೆ 6ರ ಅಂಕಿಯನ್ನಷ್ಟೇ ನೋಡಿ. ದಿನದಿನಕ್ಕೆ ಇಳಿಯುತ್ತಾ ಹೋಗಿದ್ದರೆ ಮೇಲೆ ಹೇಳಿದ್ದೇ ಸರಿ. ವೋಲ್ಟೇಜ್ ಚೆನ್ನಾಗಿದ್ದು ಥಟ್ಟನೆ ನಿಂತಿದ್ದರೆ ಆಂಟೆನಾ ಕೇಬಲ್ಲಿನ ಕನೆಕ್ಟರ್‌ಗೆ ನೀರು ಇಳಿದಿರಬಹುದು, ಇಲ್ಲವೇ ಜಿಪಿಎಸ್ ಕೈಕೊಟ್ಟು ಗಡಿಯಾರ ತಪ್ಪಿರಬಹುದು. ಪ್ರತಿ ಕೇಂದ್ರಕ್ಕೂ ಕೆಲವೇ ಸೆಕೆಂಡುಗಳ ಸರದಿ. ಗಡಿಯಾರ ಜಾರಿದರೆ ಮಾಹಿತಿ ಪಕ್ಕದವರ ಸರದಿಗೆ ಡಿಕ್ಕಿ ಹೊಡೆದು ಎರಡೂ ಹಾಳು. ಇದು ಒಮ್ಮುಖದ ಹಾದಿ, ತಲುಪಿತೋ ಇಲ್ಲವೋ ಕೇಂದ್ರಕ್ಕೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಪ್ರತಿ ಸಂದೇಶದಲ್ಲೂ ಹಿಂದಿನ ಕೆಲವು ಗಂಟೆಗಳ ಅಂಕಿಯನ್ನೂ ಸೇರಿಸುವಂತೆ ಲಾಗರ್ ಹೊಂದಿಸಿ.

ಇಷ್ಟಾಗಿ ಜನವರಿಯಲ್ಲಿ ಅಂಕಿ ಬಂದರೂ ಪೂರ್ತಿ ನಂಬಬೇಡಿ. ಸೇತುವೆಯಿಂದ ಇಳಿಬಿಟ್ಟ ರಾಡಾರ್ ಸೆನ್ಸರ್ ಅಳೆಯುವುದು ಮಂಜುಗಡ್ಡೆಯ ಮೇಲ್ಮೈಯನ್ನು, ಅಡಿಯಲ್ಲಿ ಹರಿಯುವ ನೀರನ್ನಲ್ಲ.

ಪ್ರಶ್ನೆ: ನೀರನ್ನು ನೇರವಾಗಿ ಅಳೆಯುವ ಉಪಗ್ರಹಗಳೇ ಇರುವಾಗ ಕಂಬ ಏಕೆ?
– ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಇವೆ. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ಅದಕ್ಕೇ ಮೀಸಲು. ಆದರೆ ಅದರ ಗುರಿ ನೂರು ಮೀಟರಿಗಿಂತ ಅಗಲದ ನದಿಗಳು, ಒಂದೇ ಕಕ್ಷೆಗೆ ಮರಳುವುದು 21 ದಿನಕ್ಕೊಮ್ಮೆ. ರಾತ್ರೋರಾತ್ರಿ ಏರುವ ಹಿಮದ ಹಳ್ಳಕ್ಕೆ ಗಂಟೆಗೊಂದು ಅಂಕಿ ಬೇಕು.

ಪ್ರಶ್ನೆ: ಇದೇ ಯಂತ್ರವನ್ನು ನಮ್ಮೂರ ಕೆರೆಗೆ ಹಾಕಬಹುದೇ?
– ಓದುಗರು, ಕೋಲಾರ

ಉತ್ತರ: ಉಪಗ್ರಹ ಬೇಡ, ಮೊಬೈಲ್ ಸಿಮ್ ಸಾಕು. ತೂಬಿನ ಕಲ್ಲುಕಂಬದ ಹತ್ತಿರ, ನೀರು ಕೊನೆಗೆ ಉಳಿಯುವ ಕಡೆ, ಸೆನ್ಸರ್ ಹಾಕಿ. ಮಟ್ಟದ ಲೆಕ್ಕವನ್ನು ಕೋಡಿಯ ಎತ್ತರಕ್ಕೆ ಹೋಲಿಸಿ ಇಡಿ. ಅಗ್ಗವೆಂದು ಅಲ್ಟ್ರಾಸೋನಿಕ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ) ಸೆನ್ಸರ್ ಕೊಳ್ಳುವವರು ಒಂದು ಲೆಕ್ಕ ನೋಡಲಿ: ಗಾಳಿಯ ಉಷ್ಣತೆ 20ರಿಂದ 40ಕ್ಕೆ ಏರಿದರೆ ಶಬ್ದದ ವೇಗ ಶೇ 3.4ರಷ್ಟು ಹೆಚ್ಚುತ್ತದೆ. ಅದನ್ನು ಸರಿದೂಗಿಸದಿದ್ದರೆ ಐದು ಮೀಟರ್ ಕೆಳಗಿನ ನೀರು ಮಧ್ಯಾಹ್ನ ಸುಮಾರು 16 ಸೆಂಟಿಮೀಟರ್ ಏರಿದಂತೆ ಕಾಣುತ್ತದೆ. ರಾಡಾರ್‌ಗೆ ಈ ತೊಂದರೆ ಇಲ್ಲ, ಆದರೆ ಕೆಳಗೆ ಜೊಂಡು, ಕಳೆ ಹಬ್ಬಿದರೆ ಅದು ಎಲೆಯ ಎತ್ತರವನ್ನೇ ನೀರೆಂದು ಬರೆಯುತ್ತದೆ, ಸ್ಪಿತಿಯಲ್ಲಿ ಮಂಜುಗಡ್ಡೆಯನ್ನು ಬರೆದ ಹಾಗೆ. ತಿಂಗಳಿಗೊಮ್ಮೆ ಸೆನ್ಸರ್ ಕೆಳಗಿನ ಒಂದು ಮಾರು ಜಾಗ ಸ್ವಚ್ಛ ಮಾಡಿಸಿ, ಮೂತಿಗೆ ಕಟ್ಟಿದ ಕಣಜದ ಗೂಡು ತೆಗೆಸಿ.