ಒಂದು ಕಿಲೋಮೀಟರ್ ಹರಿದರೆ ನದಿ ಅನ್ನಬಹುದಾ?

ಪ್ರಶ್ನೆ: ಫ್ರಾನ್ಸಿನ ವೆಲ್ ನದಿಯ ಉದ್ದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಂತ ಓದಿದೆ. ಅದು ಹಳ್ಳ ಅಲ್ವಾ? ನದಿ ಅಂತ ಯಾಕೆ ಕರೀತಾರೆ?

ಉತ್ತರ: ಫ್ರೆಂಚರು ಉದ್ದ ನೋಡಿ ಹೆಸರಿಡುವುದಿಲ್ಲ, ನೀರು ಎಲ್ಲಿಗೆ ಹೋಗಿ ಸೇರುತ್ತದೆ ಅಂತ ನೋಡುತ್ತಾರೆ. ನೇರವಾಗಿ ಸಮುದ್ರ ಸೇರಿದರೆ ಅದು ‘ಫ್ಲವ್’. ಇನ್ನೊಂದು ನದಿಗೆ ಸೇರಿದರೆ ‘ರಿವಿಯೆರ್’. ಮಾರ್ನ್ ನದಿ 500 ಕಿ.ಮೀ.ಗೂ ಹೆಚ್ಚು ಹರಿಯುತ್ತದೆ, ಆದರೆ ಪ್ಯಾರಿಸ್ ಹತ್ತಿರ ಸೇನ್ ನದಿಗೆ ಸೇರುವುದರಿಂದ ಅದು ಬರೀ ರಿವಿಯೆರ್. ನಾರ್ಮಂಡಿಯ ವೆಲ್-ಲೆ-ರೋಜ್ ಎಂಬ ಹಳ್ಳಿಯಲ್ಲೇ ಹುಟ್ಟಿ ಅಲ್ಲೇ ಇಂಗ್ಲಿಷ್ ಕಾಲುವೆಗೆ (ಫ್ರಾನ್ಸ್, ಇಂಗ್ಲೆಂಡ್ ನಡುವಿನ ಸಮುದ್ರಕ್ಕೆ) ಸೇರುವ ಈ ಪುಟ್ಟ ನೀರು ಫ್ಲವ್!

ಇಷ್ಟು ಗಿಡ್ಡ ಯಾಕೆ ಅನ್ನೋದು ನನಗೆ ಇನ್ನೂ ಇಷ್ಟವಾದ ವಿಷಯ. ಆ ಊರಿನ ಹಿಂದಿರುವ ಕೋ ಪ್ರಸ್ಥಭೂಮಿಯ ಅಡಿಯಲ್ಲಿ ಸೀಮೆಸುಣ್ಣದಂಥ ಮೆತ್ತನೆಯ ಬಿಳಿ ಕಲ್ಲಿದೆ. ಬಿರುಕುಗಳು ತುಂಬಿದ ಕಲ್ಲು ಅದು. ಮಳೆನೀರು ಮೇಲೆ ಹರಿಯದೆ ಒಳಗಿಳಿಯುತ್ತದೆ, ನೆಲದೊಳಗೇ ನಿಧಾನವಾಗಿ ಸಾಗಿ ಕಣಿವೆಯ ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ, ಅಷ್ಟರಲ್ಲಿ ಸಮುದ್ರ ಎದುರಿಗೇ ಬಂದಿರುತ್ತದೆ. ಅಂದರೆ ನೀರಿನ ದಾರಿ ಗಿಡ್ಡದ್ದಲ್ಲ, ಕಣ್ಣಿಗೆ ಕಾಣುವ ಭಾಗ ಮಾತ್ರ ಗಿಡ್ಡ. ಪ್ರಸ್ಥಭೂಮಿಯಲ್ಲಿ ನೀರೇ ಇಲ್ಲದ ಒಣ ಕಣಿವೆಗಳೂ ಬೇಕಾದಷ್ಟಿವೆ. ಹಿಮಯುಗದಲ್ಲಿ ನೆಲ ಹೆಪ್ಪುಗಟ್ಟಿ ನೀರು ಇಂಗದೆ ಮೇಲೆ ಹರಿಯುತ್ತಿತ್ತಲ್ಲ, ಆಗ ಕೊರೆದವು ಅವು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ 120 ಮೀಟರ್‌ನಷ್ಟು ಕೆಳಗಿತ್ತು. ಇವತ್ತಿನ ಕಾಲುವೆ ಒಣನೆಲವಾಗಿತ್ತು, ಆ ಕರಾವಳಿಯ ನದಿಗಳು ಅಲ್ಲಿಯವರೆಗೂ ಹರಿಯುತ್ತಿದ್ದವು.

ನೆಲದಡಿಯಿಂದ ಬರುವ ನೀರಾದ್ದರಿಂದ ಅದು ತಿಳಿಯಾಗಿರುತ್ತದೆ. ಬೇಸಿಗೆ, ಚಳಿಗಾಲ ಅಂತ ಅದರ ತಂಪು ಅಷ್ಟಾಗಿ ಬದಲಾಗುವುದೂ ಇಲ್ಲ. ವಾಟರ್‌ಕ್ರೆಸ್ ಸೊಪ್ಪಿಗೆ ಬೇಕಾದದ್ದು ಇದೇ, ಹಾಗಾಗಿ ಒರತೆಯ ಹತ್ತಿರವೇ ಆಳವಿಲ್ಲದ ಮಡಿಗಳಲ್ಲಿ ನೀರು ಹಾಯಿಸಿ ಶತಮಾನಗಳಿಂದ ಅದನ್ನು ಬೆಳೆಯುತ್ತಿದ್ದಾರೆ. ಕೆಳಗೆ ನೀರಿನ ಗಿರಣಿಗಳು ಒಂದರ ಹಿಂದೆ ಒಂದು ಇದ್ದವು, ಕೆಲವದರ ಚಕ್ರ ಈಗಲೂ ಇದೆ. ಇಷ್ಟು ಚಿಕ್ಕ ನದಿಯಿಂದ ಇಷ್ಟೊಂದು ದುಡಿಮೆ ತೆಗೆದದ್ದು ನೋಡಿದರೆ ಆ ಹಳ್ಳಿಯವರ ಬಗ್ಗೆ ಗೌರವ ಬರುತ್ತದೆ.

ನೀರಿನ ಪಕ್ಕದಲ್ಲೇ ಕಾಲುದಾರಿ ಇದೆ. ಅವಸರ ಮಾಡದೆ, ಸುಮ್ನೆ ನಡೆದರೂ ಅರ್ಧ ಗಂಟೆಯೊಳಗೆ ಒರತೆಯಿಂದ ಬಿಳಿ ಬಂಡೆಗಳ ನಡುವಿನ ಕಡಲತೀರ ತಲುಪಬಹುದು.