ಕಸ ತೆಗೆಯೋದು ಪಾಠ ಆಗುತ್ತಾ, ಸರ್?

ಪ್ರಶ್ನೆ: ಸರ್, ನಾನು ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಿಸಿಯೂಟಕ್ಕೆ ಅನುಕೂಲ ಆಗಲಿ ಅಂತ ಕೈತೋಟ ಮಾಡಿದ್ದೇವೆ. ಅದನ್ನೇ ಪಾಠಕ್ಕೂ ಬಳಸಬೇಕು ಅಂತ ಆಸೆ. ಆದರೆ ಮಕ್ಕಳು ನೀರು ಹಾಕುವುದು, ಕಸ ಕೀಳುವುದು ಬಿಟ್ಟರೆ ಬೇರೇನೂ ಆಗುತ್ತಿಲ್ಲ. ಮೊನ್ನೆ ಒಬ್ಬ ಪಾಲಕರು "ಸಾಲಿಗೆ ಓದಾಕ ಕಳಸ್ತೀವ್ರಿ, ಕಸಾ ತಗ್ಯಾಕಲ್ಲ" ಅಂತ ಜಗಳಕ್ಕೇ ಬಂದರು. ನಮ್ಮದು ಎರೆ (ಕಪ್ಪು) ಮಣ್ಣು, ನೀರೂ ಕಡಿಮೆ. ಏನು ಮಾಡಲಿ?

ಉತ್ತರ: ಮೇಡಂ, ಆ ಪಾಲಕರ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಕಸ ತೆಗೆಯೋದನ್ನು ಅವರ ಮಗ ಹೊಲದಲ್ಲೇ ಕಲಿತಿರುತ್ತಾನೆ. ಶಾಲೆಯಲ್ಲೂ ಅದನ್ನೇ ಮಾಡಿಸಿದರೆ ಅವನಿಗೆ ಹೊಸದೇನು ಸಿಕ್ಕಿತು? ಒಂದು ಪ್ರಶ್ನೆ ಹಿಡಿದು ತೋಟಕ್ಕೆ ಹೋದರೆ ಪಾಠ. ಸುಮ್ನೆ ಹೋದರೆ ಬಿಟ್ಟಿ ಕೂಲಿ.

ಎಲ್ಲ ಮಡಿಗಳನ್ನೂ ಪಾಠಕ್ಕೆ ಎಳೆಯಬೇಡಿ. ಒಂದೇ ಒಂದು ಮಡಿ ಬೇರೆ ಇಡಿ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ ಸಾಕು. ದಸರಾ ರಜೆ ಮುಗಿಸಿ ಬಂದ ವಾರ ಅದರಲ್ಲಿ ಮೆಂತ್ಯ ಬಿತ್ತಿಸಿ. ಮೆಂತ್ಯ ನಾಲ್ಕೈದು ದಿನಕ್ಕೆ ಮೊಳೆಯುತ್ತದೆ, ತಿಂಗಳಿಗೆ ಕೀಳಲು ಬರುತ್ತದೆ. ಮಕ್ಕಳಿಗೆ ಅಷ್ಟೇ ತಾಳ್ಮೆ ಇರೋದು.

ಬೀಜವನ್ನು ಮೂರು ಸಾಲಿನಲ್ಲಿ ಹಾಕಿಸಿ. ಒಂದು ಸಾಲು ಒಂದು ಸೆಂಟಿಮೀಟರ್ ಆಳಕ್ಕೆ, ಇನ್ನೊಂದು ನಾಲ್ಕಕ್ಕೆ, ಮತ್ತೊಂದು ಎಂಟಕ್ಕೆ. ಪ್ರತಿ ಸಾಲಿಗೂ ಎಣಿಸಿ ಐವತ್ತು ಬೀಜ. ಬಿತ್ತುವ ಮೊದಲೇ ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು, ಯಾವ ಸಾಲು ಮೊದಲು ಬರುತ್ತೆ ಅಂತ. ಇದೊಂದನ್ನು ಮಾತ್ರ ಬಿಡಬೇಡಿ. ಊಹೆ ಬರೆದಿಟ್ಟ ಮಗು ಮರುದಿನ ತಾನಾಗಿಯೇ ಓಡಿ ಹೋಗಿ ನೋಡುತ್ತದೆ.

ನಾನು ಶಾಲೆಯಲ್ಲಿ ಇದನ್ನು ಮಾಡಿಸಿದಾಗ ಆಳದ ಸಾಲು ಏಳು ದಿನವಾದರೂ ಏಳಲಿಲ್ಲ. "ಬೀಜ ಸತ್ತಾವ್ರಿ" ಅಂತ ಎಲ್ಲರೂ ತೀರ್ಪು ಕೊಟ್ಟರು. ಐದನೇ ತರಗತಿಯ ಒಬ್ಬ ಹುಡುಗಿ ಸುಮ್ಮನೆ ಕೂರಲಿಲ್ಲ, ಕಡ್ಡಿಯಿಂದ ಕೆದರಿದಳು. ಒಳಗೆ ಬಿಳಿ ಮೊಳಕೆ, ಗಟ್ಟಿ ಹೆಪ್ಪಿಗೆ ತಾಗಿ ಕೊಕ್ಕೆಯ ಹಾಗೆ ಬಾಗಿತ್ತು. "ಸರ್, ಇದು ಮ್ಯಾಲ ಬರಾಕ ಹೊಂಟಿತ್ತು, ಹಾದಿ ಸಿಕ್ಕಿಲ್ಲ" ಅಂದಳು. ಬೀಜದ ಒಳಗಿನ ಬುತ್ತಿ ಎಷ್ಟು ದೂರದವರೆಗೆ ಸಾಕಾಗುತ್ತೆ ಅನ್ನೋ ಪಾಠಕ್ಕೆ ಆಮೇಲೆ ನಾನು ಹಲಗೆ ಮುಟ್ಟಲೇ ಇಲ್ಲ.

ಎರೆ ಮಣ್ಣು ಅಂತ ಬೇಜಾರು ಮಾಡಿಕೊಳ್ಳಬೇಡಿ, ಅದೇ ನಿಮ್ಮ ಪ್ರಯೋಗಶಾಲೆ. ಪಾರದರ್ಶಕ ಬಾಟಲಿಗಳಲ್ಲಿ ಒಂದಕ್ಕೆ ಎರೆ, ಇನ್ನೊಂದಕ್ಕೆ ಮಸಾರಿ (ಕೆಂಪು ಮಣ್ಣು) ಹಾಕಿ, ನೀರು ತುಂಬಿ ಚೆನ್ನಾಗಿ ಅಲುಗಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ಜೇಡಿ ಕಣ ಮರುದಿನವೂ ನೀರಲ್ಲೇ ತೇಲುತ್ತಿರುತ್ತದೆ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯೋದು ಈ ಜೇಡಿಯಿಂದಲೇ. ಮಾರ್ಚ್‌ನಲ್ಲಿ ಬಿರುಕಿಗೆ ಜೋಳದ ದಂಟು ಇಳಿಸಿ ಆಳ ಅಳೆಯಲಿ. ಆ ದಂಟನ್ನು ಮನೆಗೆ ಒಯ್ದು ತೋರಿಸದ ಮಗುವನ್ನು ನಾನು ಕಂಡಿಲ್ಲ.

ಮಳೆಗಾಲದಲ್ಲಿ ಮಡಿ ಎತ್ತರಿಸಿ, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಹಿಂಗಾರಿಗೆ ನೆಲಮಟ್ಟಕ್ಕಿಂತ ತುಸು ತಗ್ಗು ಮಾಡಿ.

ನೀರಿನ ಲೆಕ್ಕ ಗಣಿತದ ಪಿರಿಯಡ್‌ಗೆ ಬಿಡಿ. ನೂರು ಮಕ್ಕಳು ಊಟಕ್ಕೆ ಮುಂಚೆ ಅರ್ಧ ಲೀಟರ್‌ನಲ್ಲಿ ಕೈ ತೊಳೆದರೆ ಐವತ್ತು ಲೀಟರ್. ಚದರ ಮೀಟರ್‌ಗೆ ದಿನಕ್ಕೆ ಐದು ಲೀಟರ್ ಹಾಕಿದರೆ ನಿಮ್ಮ ಮಡಿಗೆ ಬೇಕಾದದ್ದು ಹದಿನೈದು. ಅಂದರೆ ಮೂರು ಮಡಿಗೆ ಸಾಕಾಗಿ ಇನ್ನೂ ಐದು ಲೀಟರ್ ಉಳಿಯಿತು, ಅಲ್ವಾ? ಸೋಪಿನ ನೀರು ಮಾತ್ರ ಸೊಪ್ಪಿಗೆ ಬೇಡ, ಬಾಳೆ ಬುಡಕ್ಕೆ ತಿರುಗಿಸಿ. ಇನ್ನೊಂದು ಮಾತು. ನೀರು ಹೊರುವುದು ಹುಡುಗಿಯರು, ಗುದ್ದಲಿ ಹಿಡಿಯುವುದು ಹುಡುಗರು ಅಂತ ಆಗಬಾರದು. ತಪ್ಪು ಮಾಡಿದವರಿಗೆ ಶಿಕ್ಷೆ ಅಂತ ತೋಟದ ಕೆಲಸ ಕೊಡಲೇಬೇಡಿ. ಒಮ್ಮೆ ಹಾಗೆ ಮಾಡಿದರೆ ಮಕ್ಕಳು ಜನ್ಮದಲ್ಲಿ ಗಿಡ ಮುಟ್ಟಲ್ಲ.

ಬೇಸಿಗೆ ರಜೆಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಜೂನ್ 5ರ ಪರಿಸರ ದಿನಕ್ಕೆ ಸಡಗರದಿಂದ ನಲವತ್ತು ಸಸಿ ನೆಡಿಸಿದೆ, ಫೋಟೋನೂ ಆಯಿತು. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ. ಮೇ ಕೊನೆಗೆ ಬಂದು ನೋಡಿದರೆ ಎರಡು ಬೇವು ಮಾತ್ರ ಬದುಕಿದ್ದವು. ಈಗ ರಜೆಗೆ ಮುಂಚೆ ಮುಗಿಯುವ ಬೆಳೆಗಳನ್ನೇ ಹೇಳುತ್ತೇನೆ: ಮೆಂತ್ಯ, ಸಬ್ಬಸಗಿ, ರಾಜಗಿರಿ, ಪುಂಡಿ, ಅಲಸಂದಿ. ಕಾಯಂ ಇರಲಿ ಅಂದರೆ ನುಗ್ಗೆ, ಕರಿಬೇವು. ಬುಡಕ್ಕೆ ದಪ್ಪಗೆ ರವದಿ (ಒಣಗಿದ ಎಲೆ, ಸೋಗೆ) ಹೊದಿಸಿ ಹೋಗಿ.

ಅಲಸಂದಿಗೆ ಹೇನು ಬಿದ್ದರೆ ಔಷಧಿ ಡಬ್ಬಿ ತರಬೇಡಿ. ಒಂದು ಕುಡಿಯಲ್ಲಿ ಎಷ್ಟು ಹೇನು, ಎಷ್ಟು ಗುಲಗಂಜಿ ಹುಳ ಅಂತ ವಾರ ವಾರ ಎಣಿಸಲಿ. ಯಾರು ಯಾರನ್ನು ತಿನ್ನುತ್ತಾರೆ ಅಂತ ಅವರೇ ಹೇಳುತ್ತಾರೆ.

ಇನ್ನು ಜಗಳಕ್ಕೆ ಬಂದ ಆ ಪಾಲಕರು. ಅವರನ್ನೇ ಕರೆಯಿರಿ, "ಕೂರಿಗೆ ಸಾಲು ಹೆಂಗ ನೆಟ್ಟಗೆ ಹಿಡೀತೀರಿ, ಮಕ್ಕಳಿಗೆ ತೋರಿಸ್ರಿ" ಅನ್ನಿ. ಸಮಾಂತರ ರೇಖೆಯ ಪಾಠ ಅವರದೇ.

ಪ್ರಶ್ನೆ: ಬಾಗಲಕೋಟೆಯ ನಮ್ಮ ಶಾಲೆಗೆ ಅಂಗಳವೇ ಇಲ್ಲ, ಬರೀ ಸಿಮೆಂಟು. ನಮಗೆ ದಾರಿ ಇದೆಯಾ?

ಉತ್ತರ: ಬಿಸಿಯೂಟದ ಅಕ್ಕಿ ಬಂದ ಖಾಲಿ ಚೀಲ ಕೇಳಿ ನೋಡಿ. ಅರ್ಧಕ್ಕೆ ಮಡಚಿ, ಎರಡು ಪಾಲು ಮಣ್ಣು, ಒಂದು ಪಾಲು ತಿಪ್ಪೆಗೊಬ್ಬರ ತುಂಬಿ. ಬರೀ ಎರೆ ಮಣ್ಣು ಹಾಕಿದರೆ ಇಟ್ಟಿಗೆ ಆಗುತ್ತದೆ, ಸ್ವಲ್ಪ ಮರಳು ಸೇರಿಸಿ. ತಳಕ್ಕೆ ನಾಲ್ಕು ತೂತು. ಒಂದು ಚೀಲ ಬಿಸಿಲಿಗೆ, ಒಂದು ವರಾಂಡದ ನೆರಳಿಗೆ ಇಟ್ಟು ವಾರಕ್ಕೊಮ್ಮೆ ಎತ್ತರ ಅಳೆಯಲಿ. ನೆರಳಿನದೇ ಉದ್ದ ಬೆಳೆದು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ತಕ್ಷಣ ಉತ್ತರ ಹೇಳಿಬಿಡಬೇಡಿ. ಕಾಂಡ ಎಷ್ಟು ಸಣಕಲು, ಎಲೆ ಎಷ್ಟು ಬಿಳಚಿದೆ ಅಂತ ಅವರೇ ನೋಡುವ ತನಕ ಕಾಯಿರಿ. ಬೀಜದ ಬಗ್ಗೆ ಅನುಮಾನ ಇದ್ದರೆ ನಿಮ್ಮೂರಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆಯಲ್ಲ, ಒಂದು ದಿನ ಮಕ್ಕಳನ್ನು ಕರೆದುಕೊಂಡೇ ಹೋಗಿ ಕೇಳಿ.