ಬೇರೆ ರಾಜ್ಯದ ಗಿರಾಕಿಗಳಿಂದ ಯೂಸ್ ಟ್ಯಾಕ್ಸ್ ವಸೂಲಿ ಮಾಡಲೇಬೇಕೇ?

ಅಮೆರಿಕದ ಬೇರೆ ರಾಜ್ಯಗಳಿಗೆ ಮಾರುವಾಗ ಯೂಸ್ ಟ್ಯಾಕ್ಸ್ (ಹೊರ ರಾಜ್ಯದಿಂದ ಕೊಂಡ ಸರಕಿಗೆ ಕೊಳ್ಳುವವರು ತಮ್ಮ ರಾಜ್ಯಕ್ಕೆ ಕೊಡಬೇಕಾದ ತೆರಿಗೆ) ವಸೂಲಿ ಮಾಡಬೇಕಾಗದಂತೆ ಮಾರಾಟದ ಮಿತಿಯೊಳಗೆ ಇರುವುದು ಹೇಗೆ ಎಂದು ಕೇಳಿ ಬರೆದಿದ್ದೀರಿ. ಜಾರ್ಜಿಯಾದಲ್ಲಿ ನಿಮಗೆ ಅಂಗಡಿಯಿಲ್ಲ, ವ್ಯಾಪಾರ ಒಂದು ಲಕ್ಷ ಡಾಲರ್ ದಾಟಿಲ್ಲ, ಅಕ್ಕನ ಗರಾಜಿನಲ್ಲಿ ಸ್ವಲ್ಪ ಸರಕು ಇಟ್ಟಿದ್ದೀರಿ ಅಷ್ಟೇ. ಆ 'ಅಷ್ಟೇ' ಓದಿ ನನಗೆ ಎದೆ ಧಸಕ್ಕೆಂದಿತು.

ನಾನು ನ್ಯೂಜೆರ್ಸಿಯ ಮನೆಯಿಂದ, ಸ್ವಂತ ವೆಬ್‌ಸೈಟಿನಲ್ಲಿ ಚನ್ನಪಟ್ಟಣದ ಗೊಂಬೆ ಮಾರುತ್ತೇನೆ. ಟೆಕ್ಸಾಸ್‌ನಿಂದ ಆರ್ಡರ್ ಜಾಸ್ತಿಯಾದವು. ನವರಾತ್ರಿಗೆ ಗೊಂಬೆ ತಡವಾಗಿ ಹೋಗಬಾರದೆಂದು ಡಲ್ಲಾಸ್ ಹತ್ತಿರದ ಗೋದಾಮಿನಲ್ಲಿ ಒಂದು ಮೂಲೆ ಬಾಡಿಗೆಗೆ ಹಿಡಿದು ನಲವತ್ತು ಪೆಟ್ಟಿಗೆ ಇಟ್ಟೆ.

ತಪ್ಪು ಆಗಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ರಾಜ್ಯದೊಳಗೆ ಭೌತಿಕವಾಗಿ ಏನೂ ಇಲ್ಲದವರಿಂದ ತೆರಿಗೆ ವಸೂಲಿ ಮಾಡಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ 1992ರ ಕ್ವಿಲ್ ತೀರ್ಪು ಹೇಳಿತ್ತು. 2018ರ ಜೂನ್ 21ರಂದು ವೇಫೇರ್ ಪ್ರಕರಣದಲ್ಲಿ ಅದೇ ಕೋರ್ಟ್ ಅದನ್ನು 5–4 ಮತಗಳಲ್ಲಿ ತಳ್ಳಿಹಾಕಿತು. ಆಗ ಎದುರಿಗಿದ್ದದ್ದು ಸೌತ್ ಡಕೋಟಾದ ಕಾನೂನು: ವರ್ಷಕ್ಕೆ 1,00,000 ಡಾಲರ್ ಮೀರಿದ ಮಾರಾಟ, ಇಲ್ಲವೇ 200 ವಹಿವಾಟು ಇದ್ದರೆ ಹೊರಗಿನವರೂ ವಸೂಲಿ ಮಾಡಬೇಕು. ಇದನ್ನು ಓದಿ, ಇನ್ನು ಮೇಲೆ ಮೊತ್ತವೊಂದೇ ಲೆಕ್ಕ ಅಂದುಕೊಂಡೆ. ಟೆಕ್ಸಾಸ್‌ನ ಮಿತಿ 5,00,000 ಡಾಲರ್. ನಾನು ಅದರ ಹತ್ತಿರವೂ ಇರಲಿಲ್ಲ.

ಆದರೆ ಕೋರ್ಟ್ ತೆಗೆದುಹಾಕಿದ್ದು 'ಏನೂ ಇಲ್ಲದಿದ್ದರೆ ಬಚಾವ್' ಎಂಬ ರಕ್ಷಣೆಯನ್ನು ಮಾತ್ರ. 'ಏನಾದರೂ ಇದ್ದರೆ ಹೊಣೆ' ಎಂಬ ಹಳೆಯ ನಿಯಮ ಹಾಗೇ ಉಳಿದಿದೆ. ಮಿತಿಯ ರಿಯಾಯಿತಿ ಹೊರಗಿನಿಂದಲೇ ಮಾರುವವರಿಗೆ. ನನ್ನ ಸರಕು ಒಳಗೇ ಕೂತಿತ್ತು, ಆದ್ದರಿಂದ ಮೊದಲ ಡಾಲರಿನಿಂದಲೇ ವಸೂಲಿ ಮಾಡಬೇಕಿತ್ತು.

ಎರಡು ವರ್ಷದ ಮೇಲೆ ರಾಜ್ಯದಿಂದ ಪತ್ರ ಬಂತು. ಅಲ್ಲಿನ ಮಾರಾಟ 40,000 ಡಾಲರ್, 8.25%ರಂತೆ ತೆರಿಗೆ 3,300. ಅದರ ಮೇಲೆ 10% ದಂಡ, ಬಡ್ಡಿ ಬೇರೆ. ಆ ತೆರಿಗೆ ಕೊಳ್ಳುವವರದು, ನಿಜ. ಆದರೆ ಎರಡು ವರ್ಷದ ಹಿಂದೆ ಬುಗುರಿ ಕೊಂಡ ಅಜ್ಜಿಯನ್ನು ಹುಡುಕಿ ಇನ್ನೊಂದು ಡಾಲರ್ ಕೊಡಿ ಎನ್ನಲಾಗುತ್ತದೆಯೇ? ಕೈಯಿಂದಲೇ ಕಟ್ಟಿದೆ. ರಿಟರ್ನ್ ಸಲ್ಲಿಸದಿದ್ದರೆ ಅಲ್ಲಿ ಕಾಲಮಿತಿಯ ಆಸರೆಯೂ ಇಲ್ಲ, ಎಷ್ಟು ಹಳೆಯ ಬಾಕಿಯನ್ನಾದರೂ ಕೇಳಬಹುದು.

ಆದ್ದರಿಂದ 'ಮಿತಿಯೊಳಗೆ ಇರುವುದು ಹೇಗೆ' ಎಂಬ ನಿಮ್ಮ ಪ್ರಶ್ನೆಯನ್ನೇ ಬಿಡಿ. ಸರಕು ಎಲ್ಲಿದೆ, ನಿಮ್ಮ ಪರವಾಗಿ ಯಾರು ಪ್ಯಾಕ್ ಮಾಡುತ್ತಾರೆ, ಕನ್ನಡ ಸಮ್ಮೇಳನ ಅಂತ ಎಲ್ಲೆಲ್ಲಿ ಮಳಿಗೆ ಹಾಕಿದ್ದೀರಿ, ಇದನ್ನು ಮೊದಲು ನೋಡಿ. ಅಮೆಜಾನ್ ಮೂಲಕ ಮಾರಿದ್ದಕ್ಕೆ ಅವರೇ ವಸೂಲಿ ಮಾಡುತ್ತಾರೆ, ಸ್ವಂತ ವೆಬ್‌ಸೈಟಿನದು ನಿಮ್ಮ ತಲೆಗೇ. ರಾಜ್ಯ ಪತ್ರ ಬರೆಯುವ ಮೊದಲೇ ನೀವಾಗಿ ಹೋಗಿ ಒಪ್ಪಿಕೊಂಡರೆ ದಂಡ ಮನ್ನಾ ಆಗುವ ದಾರಿ ಬಹುತೇಕ ರಾಜ್ಯಗಳಲ್ಲಿದೆ. ಪತ್ರ ಬಂದ ಮೇಲೆ ಆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ, ನನಗೆ ಮುಚ್ಚಿತ್ತು.

ಇವತ್ತೇ ಅಕ್ಕನಿಗೆ ಫೋನ್ ಮಾಡಿ. ಗರಾಜಿಗೆ ಮೊದಲ ಪೆಟ್ಟಿಗೆ ಬಂದ ತಾರೀಖು ಕೇಳಿ ಬರೆದಿಟ್ಟುಕೊಳ್ಳಿ. ತೆರಿಗೆ ಸಲಹೆಗಾರರು ಮೊದಲು ಕೇಳುವುದೇ ಅದನ್ನು.